ಗೊತ್ತಪ್ಪನ ಎರಡು ಕೋಣೆಗಳು

ಗೊತ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವನ ಜೊತೆ ಕೆಲಸ ಮಾಡುವವರೆಲ್ಲ ಸೇರಿ ಇಟ್ಟದ್ದು. ಯಾರು ಏನನ್ನು ವಿವರಿಸಲು ಬಾಯಿ ತೆರೆದರೂ ಎರಡನೆಯ ವಾಕ್ಯ ಶುರುವಾಗುವುದರೊಳಗೆ "ಗೊತ್ತು ಗೊತ್ತು" ಎಂದು ತಲೆಯಾಡಿಸಿಬಿಡುವುದು ಅವನ ರೂಢಿ. ಇದರಿಂದ ಅವನಿಗೆ ಜೀವನದಲ್ಲಿ ಬೇಕಾದಷ್ಟು ಸಮಯ ಉಳಿದಿದೆ. ಉಳಿದ ಸಮಯವೆಲ್ಲ ಆಮೇಲೆ ಪರದಾಡುವುದಕ್ಕೆ ಹೋಗಿದೆ ಎನ್ನುವುದು ಬೇರೆ ಮಾತು.

ಹನ್ನೊಂದು ವರ್ಷ ಅವನು ಅದೇ ಕಚೇರಿಯ ದೂರಿನ ಕಿಟಕಿಯಲ್ಲಿ ಕೂತಿದ್ದ. ಕಿಟಕಿಯಾಚೆ ಜನ, ಕಿಟಕಿಯೊಳಗೆ ಗೊತ್ತಪ್ಪ, ನಡುವೆ ಒಂದು ದಪ್ಪ ಪುಸ್ತಕ. ನೀರು ಬರದವರು ಬೈಯುತ್ತಿದ್ದರು, ಬಂದವರು ಕೆಂಪಗೆ ಬಂತೆಂದು ಬೈಯುತ್ತಿದ್ದರು. ಮನೆಗೆ ಹೋದರೆ ಹೆಂಡತಿ ಮೆಲ್ಲಗೆ ಮಾತಾಡಿದರೂ ಅವನಿಗೆ ಬೈದ ಹಾಗೇ ಕೇಳುತ್ತಿತ್ತು. ಆ ಕಿಟಕಿಯಿಂದ ಪಾರಾಗುವುದೊಂದೇ ಅವನ ಹೆಬ್ಬಯಕೆಯಾಗಿತ್ತು.

ಆ ಭಾಗ್ಯ ಒಂದು ದಿನ ತಾನಾಗಿ ಬಂತು. ಊರಿನ ಯಾವ ಬೀದಿಗೆ ವಾರದ ಯಾವ ದಿನ ನೀರು ಬಿಡಬೇಕೆಂದು ಕಂಪ್ಯೂಟರಿನಲ್ಲಿ ವೇಳಾಪಟ್ಟಿ ತಯಾರಿಸುತ್ತಿದ್ದ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. "ಈ ಕೆಲಸ ಯಾರಿಗಾದ್ರೂ ಬರತ್ತೇನ್ರೀ?" ಎಂದು ದೊಡ್ಡ ಸಾಹೇಬರು ಕೇಳಿದಾಗ ಇಡೀ ಕಚೇರಿ ತಲೆ ತಗ್ಗಿಸಿತು. ಗೊತ್ತಪ್ಪನ ಬಾಯಿ ಮಾತ್ರ ಅವನನ್ನು ಕೇಳದೆಯೇ "ಗೊತ್ತು ಸಾರ್" ಎಂದುಬಿಟ್ಟಿತು.

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ತಿಂಗಳು ನೋಡ್ತೀನಿ. ತಿಂಗಳ ಕೊನೇಲಿ ದೂರಿನ ಪುಸ್ತಕ ತೆಗೆಸ್ತೀನಿ. ಪುಸ್ತಕ ಖಾಲಿ ಇದ್ರೆ ಈ ಕುರ್ಚಿ ನಿಮಗೆ ಖಾಯಂ. ತುಂಬಿದ್ರೆ ವಾಪಸ್ ಕಿಟಕಿಗೆ."

ಮೇಡಂ ಹೊರಡುವ ದಿನ ಕೆಲಸ ಹೇಳಿಕೊಡಲು ಅರ್ಧ ದಿನ ಮೀಸಲಿಟ್ಟಿದ್ದರು. ಗೊತ್ತಪ್ಪ ಅದನ್ನು ಹತ್ತು ನಿಮಿಷಕ್ಕೆ ಇಳಿಸಿದ.

"ಇದು ನೋಟ್‌ಬುಕ್ಕು" ಎಂದರು ಮೇಡಂ. ಪರದೆಯ ಮೇಲೆ ಒಂದರ ಕೆಳಗೊಂದು ಚೌಕಗಳಿದ್ದವು. "ಒಂದೊಂದು ಚೌಕದಲ್ಲಿ ಒಂದಿಷ್ಟು ಕೆಲಸ ಬರೆದಿದೆ. ಈ ಬಾಣದ ಗುರುತು ಒತ್ತಿದ್ರೆ ಆ ಚೌಕ ಓಡತ್ತೆ, ಉತ್ತರ ಕೆಳಗೇ ಬರತ್ತೆ."

"ಗೊತ್ತು."

"ಇದಕ್ಕೆ ಎರಡು ಕೋಣೆ ಇದೆ. ಕಂಪ್ಯೂಟರಿನವರು ಎನ್ವಿರಾನ್‌ಮೆಂಟು ಅಂತಾರೆ, ನಾನು ಕೋಣೆ ಅಂತೀನಿ. ವಾಲ್ವಿನವರಿಗೆ ಪಟ್ಟಿ ಮಾಡಿಕೊಡೋ ಲೈಬ್ರರಿ, ಅಂದ್ರೆ ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಮು, ಬಹಳ ಹಳೇದು. ಜನರ ಮೊಬೈಲಿಗೆ ಮೆಸೇಜು ಕಳಿಸೋ ಲೈಬ್ರರಿ ಹೊಸದು. ಎರಡನ್ನೂ ಒಂದೇ ಕಡೆ ಇಟ್ರೆ ಒಂದು ಇನ್ನೊಂದನ್ನ ಕೆಡಿಸತ್ತೆ. ಅದಕ್ಕೇ ಹಳೆ ಕೋಣೆ ಬೇರೆ, ಹೊಸ ಕೋಣೆ ಬೇರೆ."

"ಗೊತ್ತು ಮೇಡಂ. ಓರಗಿತ್ತಿಯರಿಗೆ ಬೇರೆ ಬೇರೆ ಒಲೆ."

"ಹಾಗೇ ಅನ್ಕೊಳ್ಳಿ. ಮೊದಲು ಹಳೆ ಕೋಣೇಲಿ ಪಟ್ಟಿ ಮಾಡಿ ಫೈಲಲ್ಲಿ ಉಳಿಸಬೇಕು. ಆಮೇಲೆ ಮೇಲೆ ಬಲಮೂಲೇಲಿ ಕೋಣೆ ಹೆಸರಿದೆಯಲ್ಲ, ಅದನ್ನ ಒತ್ತಿ ಹೊಸ ಕೋಣೆಗೆ ಹೋಗಬೇಕು. ಹೋದ ತಕ್ಷಣ ನೋಟ್‌ಬುಕ್ಕಿಗೆ ಹಿಂದಿನದೆಲ್ಲ ಮರೆತುಹೋಗತ್ತೆ. ಫೈಲಿಂದ ಮತ್ತೆ ಓದಿಸಬೇಕು. ಓದಿಸಿದ ಮೇಲೆ ಈ ಚಿಕ್ಕ ಚೌಕ ಇದೆಯಲ್ಲ, ಇದನ್ನ ಮರೀಬಾರದು, ಯಾಕಂದ್ರೆ..."

"ಗೊತ್ತು ಗೊತ್ತು. ನಿಮಗೆ ಬಸ್ಸಿಗೆ ಹೊತ್ತಾಗತ್ತೆ, ಹೊರಡಿ ಮೇಡಂ."

ಮೇಡಂ ಅವನನ್ನು ಒಂದು ಗಳಿಗೆ ನೋಡಿ, ತಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಹೊರಟರು.

ಓದುಗರಿಗೆ ಯಾವ ಬಸ್ಸೂ ಇಲ್ಲವಾದ್ದರಿಂದ ಆ 'ಯಾಕಂದ್ರೆ'ಯ ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಫೈಲಿನಲ್ಲಿ ಉಳಿಸಿದ ಪಟ್ಟಿಯಲ್ಲಿ ದಿನದ ಹೆಸರು ಇರುತ್ತಿರಲಿಲ್ಲ, ಬರಿಯ ಅಂಕಿ ಇರುತ್ತಿತ್ತು. ಕಾಗದಕ್ಕೋ ಮೊಬೈಲಿಗೋ ಹೋಗುವಾಗ ಆಯಾ ಕೋಣೆ ಅದನ್ನು ದಿನದ ಹೆಸರಾಗಿ ಬದಲಿಸುತ್ತಿತ್ತು. ಹಳೆ ಕೋಣೆಯ ಲೈಬ್ರರಿ ಭಾನುವಾರವನ್ನು ಸೊನ್ನೆ ಎಂದುಕೊಂಡು ಅಲ್ಲಿಂದ ಎಣಿಸುತ್ತಿತ್ತು. ಹೊಸ ಕೋಣೆಯದು ಸೋಮವಾರವನ್ನು ಸೊನ್ನೆ ಎನ್ನುತ್ತಿತ್ತು. ಹಾಗಾಗಿ ಪಟ್ಟಿಯಲ್ಲಿ ಮೂರು ಎಂದಿದ್ದರೆ ಹಳೆ ಕೋಣೆಯಲ್ಲಿ ಅದು ಬುಧವಾರ, ಹೊಸ ಕೋಣೆಯಲ್ಲಿ ಗುರುವಾರ. ಮೇಡಂ ಬರೆದಿದ್ದ ಆ ಚಿಕ್ಕ ಚೌಕದ ಕೆಲಸವೆಂದರೆ ಹೊಸ ಕೋಣೆಗೆ ಬಂದ ಅಂಕಿಯಲ್ಲಿ ಒಂದನ್ನು ಕಳೆಯುವುದು. ಅಷ್ಟೇ, ಒಂದೇ ಒಂದು ಸಾಲು.

ಮೊದಲ ಶನಿವಾರ ಗೊತ್ತಪ್ಪ ಕಚೇರಿಗೆ ಒಂದು ಗಂಟೆ ಮೊದಲೇ ಬಂದ. ಹಳೆ ಕೋಣೆಯಲ್ಲಿ ಪಟ್ಟಿ ಸಲೀಸಾಗಿ ಬಂತು. ಅದನ್ನು ಮುದ್ರಿಸಿ ವಾಲ್ವ್ ಮೇಸ್ತ್ರಿಯ ಕೈಗೆ ಕೊಟ್ಟ. ಊರಿನ ನೆಲದಡಿಯ ಕೊಳವೆಗಳ ವಾಲ್ವು ತಿರುಗಿಸುವವರ ಮುಖ್ಯಸ್ಥ ಈ ಮೇಸ್ತ್ರಿ. ಕಾಗದದಲ್ಲಿ ಬರೆದದ್ದನ್ನು ಬಿಟ್ಟು ಬೇರೇನನ್ನೂ ನಂಬದ ಮನುಷ್ಯ.

ಆಮೇಲೆ ಗೊತ್ತಪ್ಪ ಬಲಮೂಲೆಯನ್ನು ಒತ್ತಿ ಹೊಸ ಕೋಣೆಗೆ ಹೋದ. ಕೆಳಗಿನ ಚೌಕ ಒತ್ತಿದ. ಕೆಂಪು ಅಕ್ಷರಗಳು ಧಾರಾಕಾರವಾಗಿ ಸುರಿದವು. ಪಟ್ಟಿ ಎಂದರೆ ಏನು, ಅಂಥದ್ದು ನನಗೆ ಗೊತ್ತೇ ಇಲ್ಲ ಎನ್ನುತ್ತಿತ್ತು ಯಂತ್ರ. ಅರ್ಧ ನಿಮಿಷದ ಹಿಂದೆ ತಾನೇ ಮಾಡಿದ ಪಟ್ಟಿ! ಗೊತ್ತಪ್ಪ ಎದ್ದ, ಕೂತ, ಕಿಟಕಿ ತೆರೆದ, ಮುಚ್ಚಿದ. ಹಳೆ ಕೋಣೆಗೆ ಓಡಿದ, ಹೊಸ ಕೋಣೆಗೆ ಬಂದ. ಹೀಗೆ ಏಳೆಂಟು ಸಲ ಓಡಾಡಿದ ಮೇಲೆ ಫೈಲಿಂದ ಓದಿಸಬೇಕೆಂಬುದು ಹೇಗೋ ನೆನಪಾಯಿತು. ಓದಿಸಿದ. ಚಿಕ್ಕ ಚೌಕದ ಮೇಲೆ ಬಾಣ ಇಟ್ಟವನು ತಡೆದ. ಒಂದು ಸಾಲಿನ ಚೌಕದಿಂದ ಏನು ಮಹಾ ಆಗುತ್ತದೆ, ಮುಟ್ಟಿದರೆ ಮತ್ತೆ ಕೆಂಪಾದೀತು ಎಂದು ಅದನ್ನು ದಾಟಿ ಮುಂದಿನದನ್ನು ಒತ್ತಿದ. ಊರಿನ ಎಲ್ಲ ಮೊಬೈಲುಗಳಿಗೂ ಮೆಸೇಜು ಹೋಯಿತು.

ಅವನ ಸ್ವಂತ ಬೀದಿಗೆ ಗುರುವಾರ ನೀರೆಂದು ಬಂತು. ಅವನ ಹೆಂಡತಿ ಮೊಬೈಲು ಹಿಡಿದು ಮನೆಮನೆಗೂ ಹೋಗಿ ತೋರಿಸಿದಳು. "ನಮ್ಮನೆಯವರೇ ಕಳಿಸಿದ್ದು. ಇನ್ಮೇಲೆ ನೀರು ಇವರು ಹೇಳಿದ ದಿನ ಬರತ್ತೆ" ಎಂದಳು.

ನೀರು ಬುಧವಾರ ಬಂತು.

ನೀರಿಲ್ಲದ ನಲ್ಲಿಯನ್ನು ಯಾರೂ ಮುಚ್ಚುವುದಿಲ್ಲ. ತಿರುಗಿಸಿ ನೋಡುತ್ತಾರೆ, ಇಲ್ಲವೆಂದು ಗೊಣಗಿ ಹಾಗೇ ಬಿಟ್ಟು ಹೋಗುತ್ತಾರೆ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬೀದಿಯ ಜನ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಂಥ ನಲ್ಲಿಗಳೆಲ್ಲ ಒಟ್ಟಿಗೇ ಸುರಿಯತೊಡಗಿದವು. ಎದುರು ಮನೆಯ ದರ್ಜಿ ನೆಲದ ಮೇಲೆ ಹರಡಿ ಕತ್ತರಿಸಿಟ್ಟಿದ್ದ ಆರು ಪ್ಯಾಂಟುಗಳು ತೇಲಿದವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹಳೆ ಪತ್ರಿಕೆಗಳ ಕಟ್ಟು ಒದ್ದೆಯಾಗಿ ಊದಿಕೊಂಡಿತು.

ಗುರುವಾರ ಬೆಳಿಗ್ಗೆ ಇಡೀ ಬೀದಿ ಬಕೆಟ್ಟು ಹಿಡಿದು ಕಾದಿತು. ಒಂದು ಹನಿ ಬರಲಿಲ್ಲ. ಜನ ಬಕೆಟ್ಟಿನ ಸಮೇತ ಗೊತ್ತಪ್ಪನ ಬಾಗಿಲಿಗೆ ಬಂದರು.

"ಏನ್ ಸ್ವಾಮಿ, ಗುರುವಾರ ಅಂದ್ರಿ?" ಎಂದ ದರ್ಜಿ. ಅವನ ಹೆಗಲ ಮೇಲೆ ಒಂದು ಒದ್ದೆ ಪ್ಯಾಂಟಿತ್ತು, ಒಂದೇ ಕಾಲಿನದು.

"ಯಂತ್ರ ತಪ್ಪಲ್ಲ" ಎಂದ ಗೊತ್ತಪ್ಪ.

"ಹಾಗಾದ್ರೆ ನೀರು ತಪ್ಪಿತಾ?" ಎಂದರು ಮೇಷ್ಟ್ರು.

"ನೀರು ಒಂದು ದಿನ ಮುಂಚೆ ಬಂದಿದೆ. ಸರ್ಕಾರಿ ಕೆಲಸ ಒಂದು ದಿನ ಮುಂಚೆ ಆಗಿದೆ ಅಂದ್ರೆ ಹೆಮ್ಮೆ ಪಡಬೇಕು ಮೇಷ್ಟ್ರೇ" ಎಂದು ಹೇಳಿ ಬಾಗಿಲು ಹಾಕಿಕೊಂಡ. ಬಾಗಿಲ ಹಿಂದೆ ನಿಂತು ಕೈಕೈ ಹಿಸುಕಿಕೊಂಡ. ಆ ವಾರ ದೂರಿನ ಪುಸ್ತಕದಲ್ಲಿ ಮೂವತ್ತೊಂದು ಪುಟ ತುಂಬಿದವು. ಅವನ ಜಾಗದಲ್ಲಿ ಈಗ ಕಿಟಕಿಗೆ ಕೂತಿದ್ದವನು ದಿನಕ್ಕೆರಡು ಸಲ ಬಂದು "ಅಣ್ಣಾ, ಯಾವಾಗ ವಾಪಸ್ ಬರ್ತೀಯ?" ಎಂದು ಆಸೆಯಿಂದ ಕೇಳಿಹೋದ.

ಎರಡನೆಯ ಶನಿವಾರ ಗೊತ್ತಪ್ಪ ಕೂತು ಯೋಚಿಸಿದ. ಮೆಸೇಜಿನಲ್ಲಿ ಒಂದು ದಿನ ಹೆಚ್ಚಾಗಿದೆ, ಒಂದು ಕಳೆದರೆ ಸರಿ. ಇಷ್ಟು ಯೋಚಿಸಿದ್ದರಲ್ಲಿ ತಪ್ಪೇನೂ ಇಲ್ಲ. ಮೇಡಂ ಕೂಡ ಅಷ್ಟೇ ಯೋಚಿಸಿದ್ದರು. ಆದರೆ ಅವನು ಕಳೆಯಲು ಕೂತಾಗ ಬಲಮೂಲೆಯಲ್ಲಿ ಯಾವ ಕೋಣೆಯ ಹೆಸರಿದೆ ಎಂದು ನೋಡಲಿಲ್ಲ. ಪಟ್ಟಿ ಪರೀಕ್ಷಿಸಲೆಂದು ಹಳೆ ಕೋಣೆಗೆ ಬಂದವನು ಅಲ್ಲೇ ಇದ್ದ. ಅಲ್ಲೇ, ಪಟ್ಟಿ ಹುಟ್ಟುವ ಚೌಕದಲ್ಲೇ 'ಒಂದು ಕಳೆ' ಎಂದು ಬರೆದ. ಬರೆದು ನಿಟ್ಟುಸಿರಿಟ್ಟು ಚಹಾ ತರಿಸಿಕೊಂಡ.

ಇದರ ಫಲವೇನಾಯಿತೆಂದು ಬುದ್ಧಿವಂತ ಓದುಗರು ಊಹಿಸಿರಬಹುದು. ಮೂರು ಇದ್ದದ್ದು ಎರಡಾಯಿತು. ಮೆಸೇಜಿನಲ್ಲಿ ಗುರುವಾರ ಹೋಗಿ ಬುಧವಾರ ಬಂತು, ನಿಜ. ಆದರೆ ವಾಲ್ವಿನ ಪಟ್ಟಿಯೂ ಬುಧವಾರದಿಂದ ಮಂಗಳವಾರಕ್ಕೆ ಸರಿಯಿತು. ಮೆಸೇಜಿನ ಕೊನೆಯಲ್ಲಿ ಗೊತ್ತಪ್ಪ 'ಇದು ತಿದ್ದಿದ ಸರಿಯಾದ ದಿನ' ಎಂದು ಸೇರಿಸಿದ್ದ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನೀರು ಬಂದ ಸದ್ದು ಕೇಳಿ ಮೇಷ್ಟ್ರು ಬನಿಯನ್ನಿನಲ್ಲೇ ಬೀದಿಗೆ ಓಡಿಬಂದರು. "ಸರಿಯಾದ ದಿನ ನಾಳೆ ಅಲ್ವಾ? ಇದು ಯಾವ ನೀರು?" ಎಂದು ಕೂಗಿದರು.

"ಹಿಡ್ಕೊಳ್ಳಿ ಮೇಷ್ಟ್ರೇ, ನೀರಿನ ಜಾತಕ ಆಮೇಲೆ ನೋಡೋಣ" ಎಂದು ದರ್ಜಿ ಬಕೆಟ್ಟಿಗೆ ಓಡಿದ.

ಗೊತ್ತಪ್ಪ ಕಚೇರಿಯಲ್ಲಿ ವಾಲ್ವ್ ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿದ. "ಏನಪ್ಪಾ, ಒಂದು ದಿನ ಮೊದಲೇ ಯಾಕೆ ಬಿಡ್ತೀಯ?"

ಮೇಸ್ತ್ರಿ ಜೇಬಿನಿಂದ ಕಾಗದ ತೆಗೆದು ಬಿಡಿಸಿದ. "ನೀವೇ ಕೊಟ್ಟಿದ್ದು. ಮಂಗಳವಾರ ಅಂತಿದೆ. ನಿಮ್ಮ ಸಹಿ ಇದೆ. ಕಾಗದದಲ್ಲಿ ರಾತ್ರಿ ಅಂದ್ರೆ ರಾತ್ರಿ ಬಿಡ್ತೀನಿ, ಹಗಲು ಅಂದ್ರೆ ಹಗಲು ಬಿಡ್ತೀನಿ. ಬಿಡಬೇಡ ಅಂದ್ರೆ ಮನೆಗೆ ಹೋಗ್ತೀನಿ."

ಕಾಗದದಲ್ಲಿ ನಿಜವಾಗಿಯೂ ಮಂಗಳವಾರವಿತ್ತು. ಗೊತ್ತಪ್ಪನಿಗೆ ತಲೆ ಧಿಮ್ಮೆಂದಿತು. ತಾನು ಒಂದು ಕಳೆದದ್ದು ನಿಜ. ಕಳೆದ ಮೇಲೂ ಒಂದು ಉಳಿದದ್ದೂ ನಿಜ. ಹಾಗಿದ್ದರೆ ಇನ್ನೊಂದು ಕಳೆಯಬೇಕು! ಮೂರನೆಯ ಶನಿವಾರ ಅದನ್ನೂ ಕಳೆದ, ಅದೇ ಹಳೆ ಕೋಣೆಯಲ್ಲಿ. ಮೆಸೇಜು ಮಂಗಳವಾರಕ್ಕೆ ಬಂತು, ನೀರು ಸೋಮವಾರಕ್ಕೆ ಓಡಿತು.

ಈ ನಡುವೆ ಊರಿನ ಇನ್ನೊಂದು ಮೂಲೆಯಲ್ಲಿದ್ದ ಅವನ ಅತ್ತೆಯವರು ಒಂದು ಮಹತ್ತಾದ ಶೋಧ ಮಾಡಿದ್ದರು. ಅವರು ಶಾಲೆಯ ಮುಖ ನೋಡಿದ್ದು ಕಡಿಮೆ, ಆದರೆ ಮಗಳಿಗೆ ಫೋನ್ ಮಾಡಿ ಹೇಳಿದ ಮಾತು ಯಾವ ಗಣಿತಜ್ಞನಿಗೂ ಕಡಿಮೆಯದಲ್ಲ. "ನೋಡೇ, ನಿನ್ನ ಗಂಡ ಕಳಿಸೋ ದಿನದಲ್ಲಿ ಒಂದು ಕಳೆದ್ರೆ ಸರಿಯಾಗಿ ನೀರು ಬರತ್ತೆ. ನನಗೇನೂ ಕಷ್ಟ ಆಗಲಿಲ್ಲಮ್ಮ. ಅಳಿಯಂದಿರು ಹೇಳಿದ್ದರಲ್ಲಿ ಅಷ್ಟಿಷ್ಟು ಕಳೆದು ಕೇಳೋದು ನಿನ್ನ ಮದುವೆಯಾದಾಗಿನಿಂದ ರೂಢಿ ಇದೆ."

ಹೆಂಡತಿ ಇದನ್ನು ಗಂಡನಿಗೆ ಹೇಳಲಿಲ್ಲ. ದರ್ಜಿಯ ಹೆಂಡತಿಗೆ ಹೇಳಿದಳು. ದರ್ಜಿಯ ಅಂಗಡಿಗೆ ಅಳತೆ ಕೊಡಲು ಬಂದವರೆಲ್ಲ ಅದನ್ನು ತಮ್ಮ ತಮ್ಮ ಬೀದಿಗೆ ಒಯ್ದರು. ಮೂರನೆಯ ವಾರ ಶುರುವಾಗುವ ಹೊತ್ತಿಗೆ ಇಡೀ ಊರು ಗೊತ್ತಪ್ಪನ ಮಾತಿನಲ್ಲಿ ಒಂದು ಕಳೆದು ನೆಮ್ಮದಿಯಾಗಿ ನೀರು ಹಿಡಿಯುತ್ತಿತ್ತು. ಎಲ್ಲೂ ಒಂದು ಪ್ಯಾಂಟೂ ನೆನೆಯಲಿಲ್ಲ. ದೂರಿನ ಪುಸ್ತಕದಲ್ಲಿ ಆ ವಾರದ ಪುಟ ಖಾಲಿ ಉಳಿಯಿತು.

ಸಾಹೇಬರು ಆ ಖಾಲಿ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. "ಹನ್ನೆರಡು ವರ್ಷದಲ್ಲಿ ಇಂಥ ಪುಟ ನೋಡಿಲ್ಲ ಕಣ್ರೀ. ಮೊದಮೊದಲು ಸ್ವಲ್ಪ ಎಡವಿದ್ರಿ, ಅದನ್ನ ಬಿಡೋಣ. ಮುಂದಿನ ವಾರವೂ ಹೀಗೇ ಇದ್ರೆ ಶುಕ್ರವಾರ ಖಾಯಂ ಆದೇಶಕ್ಕೆ ಸಹಿ ಹಾಕ್ತೀನಿ."

ಇಲ್ಲಿಗೆ ಗೊತ್ತಪ್ಪ ಕೈಕಟ್ಟಿ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದೇ ಸಂಜೆ ಅವನು ಒಂದು ಗುಂಡಿ ಹೊಲಿಸಲು ದರ್ಜಿಯ ಅಂಗಡಿಗೆ ಹೋದ. ಒಳಗೆ ಯಾರೋ ಕೇಳುತ್ತಿದ್ದರು, "ನಿಮ್ಮ ಬೀದಿಗೆ ನೀರು ಯಾವತ್ತು?"

"ಮೆಸೇಜಲ್ಲಿ ಮಂಗಳವಾರ ಅಂತ ಇತ್ತು" ಎಂದ ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ. "ಅಂದ್ರೆ ಸೋಮವಾರ. ಹಾಗೇ ಬಂತು. ನಮ್ಮ ಗೊತ್ತಪ್ಪನವರು ಒಳ್ಳೆಯವರೇ, ಒಂದು ಕಳೀಬೇಕು ಅಷ್ಟೇ."

ಕೇಳಿದವನು ನಕ್ಕ. ಗೊತ್ತಪ್ಪ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ಬಂದ. ಅವನಿಗೆ ತುಂಬ ಅವಮಾನವಾಗಿತ್ತು. ಹನ್ನೊಂದು ವರ್ಷ ಕಿಟಕಿಯಲ್ಲಿ ಕೇಳಿದ ಬೈಗುಳ ಒಂದು ಕಡೆ, ಈ ಒಂದು ಕಳೆಯುವ ಮರ್ಯಾದೆ ಇನ್ನೊಂದು ಕಡೆ.

"ನಿನಗೂ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಊರಿಗೆಲ್ಲ ಗೊತ್ತು. ಊಟಕ್ಕೆ ಬನ್ನಿ."

"ನನ್ನ ಮಾತಿಗೆ ಒಂದು ಕಳೀತಾರಂತೆ!"

"ನೀರು ಬರ್ತಿದೆ, ಯಾರೂ ಬೈತಿಲ್ಲ, ಶುಕ್ರವಾರ ಆದೇಶ ಬರತ್ತೆ. ನಿಮಗೆ ಕೈಮುಗೀತೀನಿ, ಏನನ್ನೂ ಸರಿ ಮಾಡೋಕೆ ಹೋಗಬೇಡಿ."

ಇದಕ್ಕಿಂತ ಒಳ್ಳೆಯ ಸಲಹೆ ಅವನಿಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ಅವನು "ಗೊತ್ತು ಗೊತ್ತು" ಎಂದ.

ನಾಲ್ಕನೆಯ ಶನಿವಾರ ಬೆಳಿಗ್ಗೆ ಅವನು ಮೇಡಂಗೆ ಫೋನ್ ಮಾಡಿದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಚಿಕ್ಕ ಚೌಕ ಒತ್ತಿದ್ರಾ?" ಎಂದರು ಮೇಡಂ.

"ಯಾವ ಚಿಕ್ಕ ಚೌಕ?"

"ಆಯ್ತು, ಬಿಡಿ. ಒಂದು ಕಳೀರಿ ಅಂತ ಬರೆದಾಗ ಬಲಮೂಲೇಲಿ ಯಾವ ಹೆಸರಿತ್ತು?"

ಗೊತ್ತಪ್ಪ ನೋಡಿದ. "ಹಳೆ ಕೋಣೆ."

"ಅಯ್ಯೋ ಸ್ವಾಮಿ! ನೀವು ಕಳೆದಿದ್ದು ವಾಲ್ವಿಗೂ ಹೋಯ್ತು, ಮೆಸೇಜಿಗೂ ಹೋಯ್ತು. ಎರಡೂ ಒಟ್ಟಿಗೆ ಹಿಂದೆ ಸರಿದ್ರೆ ನಡುವಿನ ಅಂತರ ಹೇಗೆ ಹೋಗತ್ತೆ? ಎತ್ತನ್ನೂ ಗಾಡೀನೂ ಒಟ್ಟಿಗೆ ಹಿಂದೆ ತಳ್ಳಿ, ಎತ್ತು ಇನ್ನೂ ಮುಂದೇನೇ ಇದೆ ಅಂದ್ರೆ?"

ಗೊತ್ತಪ್ಪನಿಗೆ ಅಂದು ಮೊದಲ ಬಾರಿಗೆ 'ಗೊತ್ತು' ಎನ್ನಲು ನಾಲಿಗೆ ಏಳಲಿಲ್ಲ. ಮೇಡಂ ಹೇಳುತ್ತ ಹೋದರು, ಅವನು ಒತ್ತುತ್ತ ಹೋದ. ಕಳೆದಿದ್ದ ಎರಡೂ ಒಂದುಗಳನ್ನು ಅಳಿಸಿದ. ಚಿಕ್ಕ ಚೌಕವನ್ನೂ ಕಿತ್ತುಹಾಕಿದ. "ಇನ್ನು ಈ ಅಂಕಿಯ ಸಹವಾಸವೇ ಬೇಡ. ಪಟ್ಟಿಯಲ್ಲೇ ದಿನದ ಹೆಸರು ಬರೆಸಿಬಿಡೋಣ. ಬುಧವಾರ ಅಂತ ಬರೆದಿದ್ರೆ ಯಾವ ಕೋಣೆಯಲ್ಲಿ ಓದಿದ್ರೂ ಬುಧವಾರವೇ. ನೀವು ಬೇಕಂತ ಕೆಡಿಸಿದ್ರೂ ಕೆಡಬಾರದು, ಹಾಗೆ ಮಾಡ್ತೀನಿ" ಎಂದರು ಮೇಡಂ. ಮಧ್ಯಾಹ್ನದ ಹೊತ್ತಿಗೆ ಹಾಗೇ ಆಯಿತು. ವಾಲ್ವಿನ ಪಟ್ಟಿಯಲ್ಲಿ ಅವನ ಬೀದಿಗೆ ಬುಧವಾರ, ಮೆಸೇಜಿನಲ್ಲೂ ಬುಧವಾರ. ಗೊತ್ತಪ್ಪ ಸಂತೋಷ ತಡೆಯಲಾರದೆ ಕುರ್ಚಿಯಿಂದ ಎದ್ದು ಮೇಜಿಗೆ ಎರಡು ಸುತ್ತು ಹಾಕಿದ. ಮೆಸೇಜಿನ ಕೊನೆಯಲ್ಲಿ ಎಂದಿನಂತೆ 'ಇದು ತಿದ್ದಿದ ಸರಿಯಾದ ದಿನ' ಎಂದು ಸೇರಿಸಿದ. ಹಿಂದಿನ ಎರಡು ತಪ್ಪು ಮೆಸೇಜುಗಳಲ್ಲೂ ಇದೇ ಮಾತಿತ್ತೆಂಬುದು ಅವನಿಗೆ ಹೊಳೆಯಲಿಲ್ಲ.

ಊರು ಬುಧವಾರದಲ್ಲಿ ಒಂದು ಕಳೆಯಿತು.

ಮಂಗಳವಾರ ಬೆಳಿಗ್ಗೆ ಗೊತ್ತಪ್ಪ ಮನೆಯಿಂದ ಹೊರಟಾಗ ಬೀದಿಯುದ್ದಕ್ಕೂ ಬಕೆಟ್ಟುಗಳು ಸಾಲಾಗಿ ನಿಂತಿದ್ದವು.

"ನಾಳೆ ಬರತ್ತೆ" ಎಂದ ಗೊತ್ತಪ್ಪ ನಿಂತು. "ಮೆಸೇಜಲ್ಲಿ ಬುಧವಾರ ಅಂತಿದೆ. ಬುಧವಾರವೇ ಬರತ್ತೆ."

"ಗೊತ್ತು ಗೊತ್ತು" ಎಂದರು ಮೇಷ್ಟ್ರು, ಬಕೆಟ್ಟು ಸರಿಯಾಗಿ ಇಡುತ್ತ.

"ನಿಜವಾಗ್ಲೂ ಮೇಷ್ಟ್ರೇ. ಈ ಸಲ ಸರಿ ಮಾಡಿದೀನಿ!"

"ಹೋದ ಸಲವೂ ಮಾಡಿದ್ರಿ. ನೀವು ಆಫೀಸಿಗೆ ಹೋಗಿ, ನಾವು ನೋಡ್ಕೋತೀವಿ."

ಅವನು ಮನೆಮನೆಯ ಬಾಗಿಲು ಬಡಿದ. ಯಾರೂ ನಂಬಲಿಲ್ಲ. ಕಚೇರಿಗೆ ಹೋಗಿ ಮತ್ತೊಂದು ಮೆಸೇಜು ಕಳಿಸಿದ, 'ದಯವಿಟ್ಟು ಏನನ್ನೂ ಕಳೆಯಬೇಡಿ' ಎಂದು. ಯಾರೋ ಕಳ್ಳತನದ ಎಚ್ಚರಿಕೆಯೆಂದು ತಿಳಿದು ಮನೆಯ ಬೀಗಗಳನ್ನು ಪರೀಕ್ಷಿಸಿಕೊಂಡರು. ಮಂಗಳವಾರ ನೀರು ಬರಲಿಲ್ಲ. ಬುಧವಾರ ಬೆಳಿಗ್ಗೆ ಜನ ನಲ್ಲಿ ತಿರುಗಿಸಿ, ಬೈದು, ಹಾಗೇ ಬಿಟ್ಟು, ಬೀಗ ಹಾಕಿ ಕೆಲಸಕ್ಕೆ ಹೋದರು. ಹತ್ತು ಗಂಟೆಗೆ ವಾಲ್ವ್ ಮೇಸ್ತ್ರಿ ಕಾಗದ ನೋಡಿ ವಾಲ್ವು ತಿರುಗಿಸಿದ. ಅಂದು ನೀರಿನ ಒತ್ತಡ ಬಹಳ ಚೆನ್ನಾಗಿತ್ತು.

ಬೇರೆ ಬೇರೆ ಬೀದಿಗಳಲ್ಲಿ ಬೇರೆ ಬೇರೆ ದಿನ ಇದೇ ಕಥೆ ನಡೆಯಿತು. ಗುರುವಾರ ಸಾಹೇಬರ ಬೀದಿ. ಸಾಹೇಬರ ಮನೆಯಲ್ಲೂ ಹಿಂದಿನ ವಾರದಿಂದ ಒಂದು ಕಳೆಯುತ್ತಿದ್ದರು, ಸಾಹೇಬರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಊಟಕ್ಕೆಂದು ಹೋಗಿ ಅವರು ಬಾಗಿಲು ತೆರೆದಾಗ ಅವರ ಚಪ್ಪಲಿ ತಾನಾಗಿ ತೇಲಿಕೊಂಡು ಎದುರುಗೊಳ್ಳಲು ಬಂತು.

ಶುಕ್ರವಾರ ಬೆಳಿಗ್ಗೆ ಗೊತ್ತಪ್ಪನಿಗೆ ಕರೆ ಬಂತು. ಸಾಹೇಬರ ಮೇಜಿನ ಮೇಲೆ ದೂರಿನ ಪುಸ್ತಕ, ಅದರ ಪಕ್ಕದಲ್ಲಿ ದೂರಿನ ಇನ್ನೊಂದು ಪುಸ್ತಕ. ಮೊದಲನೆಯದು ತುಂಬಿಹೋಗಿತ್ತು. ಒಂದು ಬದಿಯಲ್ಲಿ ವಾಲ್ವ್ ಮೇಸ್ತ್ರಿ, ಇನ್ನೊಂದು ಬದಿಯಲ್ಲಿ ಆದೇಶ ಟೈಪು ಮಾಡಲು ಗುಮಾಸ್ತೆ.

"ಏನಾಯ್ತು?" ಎಂದರು ಸಾಹೇಬರು.

"ಸಾರ್, ಈ ವಾರ ಪಟ್ಟಿ ಸರಿಯಾಗಿದೆ. ಮೆಸೇಜೂ ಸರಿಯಾಗಿದೆ. ಎರಡೂ ಒಂದೇ ದಿನ."

"ಮತ್ತೆ ಹೋದ ವಾರ?"

"ತಪ್ಪಿತ್ತು ಸಾರ್."

"ತಪ್ಪಿದ್ದಾಗ ಒಂದು ದೂರಿಲ್ಲ. ಸರಿಯಾದಾಗ ಎರಡು ಪುಸ್ತಕ!" ಸಾಹೇಬರು ಎದ್ದು ನಿಂತರು. "ಸರಿ ಮಾಡೋಕೆ ನಿಮಗೆ ಯಾರ್ರೀ ಅನುಮತಿ ಕೊಟ್ಟಿದ್ದು?"

"ಯಾರೂ ಇಲ್ಲ ಸಾರ್. ನಾನೇ..."

"ಇಡೀ ಊರು ಕಷ್ಟಪಟ್ಟು ಒಂದು ಅಭ್ಯಾಸ ಮಾಡ್ಕೊಂಡಿದೆ. ನಿಮ್ಮೊಬ್ಬರಿಗೋಸ್ಕರ ಅಷ್ಟೂ ಜನ ಬದಲಾಗಬೇಕಾ? ಹೋದ ವಾರ ಹೇಗಿತ್ತೋ ಹಾಗೇ ಮಾಡಿ. ಈಗಲೇ, ನನ್ನೆದುರಿಗೆ. ಮಾಡಿದ್ರೆ ಖಾಯಂ ಆದೇಶಕ್ಕೆ ಸಹಿ. ಇಲ್ಲಾಂದ್ರೆ ಕಿಟಕಿ."

ಗೊತ್ತಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ತಪ್ಪು ಮಾಡುವುದು ತಾನೇ! ಮೂರು ವಾರ ನಿದ್ದೆಗೆಟ್ಟು ತಪ್ಪನ್ನೇ ಮಾಡಿದವನು ಅವನು. ಓಡಿಹೋಗಿ ಯಂತ್ರದ ಮುಂದೆ ಕೂತ. ಸಾಹೇಬರು, ಮೇಸ್ತ್ರಿ, ಗುಮಾಸ್ತೆ ಮೂವರೂ ಹಿಂದೆ ನಿಂತರು.

ಅವನು ಕೋಣೆ ಬದಲಿಸದೆ ಹಳೆಯದರಲ್ಲೇ ಮೆಸೇಜಿನ ಚೌಕ ಒತ್ತಿದ. ಹಳೆ ಕೋಣೆಗೆ ಮೆಸೇಜು ಕಳಿಸಲು ಬರದ್ದರಿಂದ ಕೆಂಪಾಯಿತು. ಹೊಸ ಕೋಣೆಗೆ ಹೋಗಿ ಓದಿಸಿದ. ಬುಧವಾರ, ಬುಧವಾರ. ಚಿಕ್ಕ ಚೌಕವನ್ನು ದಾಟಿ ಹೋಗೋಣವೆಂದರೆ ಆ ಚೌಕವೇ ಇರಲಿಲ್ಲ. ಹಳೆ ಕೋಣೆ, ಹೊಸ ಕೋಣೆ, ಮತ್ತೆ ಹಳೆಯದು, ಮತ್ತೆ ಹೊಸದು. ಯಾವ ಕೋಣೆಯಿಂದ ನುಗ್ಗಿ ಯಾವುದರಿಂದ ಹೊರಟರೂ ಬುಧವಾರ ಬುಧವಾರವಾಗಿಯೇ ಬರುತ್ತಿತ್ತು. ಬೆವರು ಒರೆಸಿಕೊಂಡು ಕೊನೆಗೆ 'ಒಂದು ಕೂಡು' ಎಂದು ಬರೆದ. ಯಂತ್ರ ಕೆಂಪಾಗಿ ನಿಂತಿತು. ಪಟ್ಟಿಯಲ್ಲಿ ಈಗ ಅಂಕಿಯಿಲ್ಲ, ಹೆಸರಿದೆ. ಬುಧವಾರ ಎಂಬ ಪದಕ್ಕೆ ಒಂದನ್ನು ಕೂಡಿಸುವುದು ಹೇಗೆಂದು ಅದಕ್ಕೂ ಗೊತ್ತಿರಲಿಲ್ಲ, ಗೊತ್ತಪ್ಪನಿಗೂ ಗೊತ್ತಿರಲಿಲ್ಲ.

"ಏನ್ರೀ ಅದು?" ಎಂದರು ಸಾಹೇಬರು.

"ಸರಿಯಾಗೇ ಬರ್ತಿದೆ ಸಾರ್."

"ಒಂದು ತಪ್ಪು ಮಾಡೋಕೆ ಇಷ್ಟು ಹೊತ್ತಾ?"

ಗೊತ್ತಪ್ಪ ಮೇಡಂಗೆ ಫೋನ್ ಮಾಡಿದ. "ಮೇಡಂ, ಹಳೇ ತಪ್ಪು ವಾಪಸ್ ಬೇಕಾಗಿತ್ತು" ಎಂದ. ಆ ಕಡೆಯಿಂದ ಫೋನ್ ಇಟ್ಟ ಸದ್ದು ಸಾಹೇಬರಿಗೂ ಕೇಳಿಸಿತು.

"ಸಾರ್, ನಾನು ಕಾಗದದಲ್ಲಿ ಬೇರೆ ದಿನ ಬರ್ಕೊಳ್ಲಾ?" ಎಂದ ಮೇಸ್ತ್ರಿ ಕನಿಕರದಿಂದ.

"ಕಾಗದ ಮುಟ್ಟಬೇಡ!" ಎಂದು ಗುಡುಗಿದರು ಸಾಹೇಬರು. "ಯಂತ್ರ ಇವರದು, ಕೆಲಸ ಇವರದು. ನಮ್ಮ ಕಚೇರೀಲಿ ತಪ್ಪು ಮಾಡೋಕೆ ಯಾರಿಗೆ ಬರಲ್ಲ? ನೆನ್ನೆ ಸೇರಿದವನಿಗೂ ಬರತ್ತೆ. ಗುಮಾಸ್ತೆ, ಬರೀರಿ. ಇವರನ್ನ ಇವತ್ತಿಂದ ದೂರಿನ ಕಿಟಕಿಗೆ ಹಾಕಿದೆ ಅಂತ."

ಗುಮಾಸ್ತೆ ಬೆರಳುಗಳನ್ನು ಕೀಲಿಗಳ ಮೇಲೆ ನಿಲ್ಲಿಸಿ ಕೇಳಿದ. "ಕಾರಣ ಏನಂತ ಬರೀಲಿ ಸಾರ್? ಕಾರಣ ಇಲ್ಲದೆ ಆದೇಶ ನಿಲ್ಲಲ್ಲ."

ಸಾಹೇಬರು ಸುಳ್ಳು ಬರೆಸುವವರಲ್ಲ. "ಇದ್ದದ್ದೇ ಬರೀರಿ" ಎಂದರು.

ಸಂಜೆ ಗೊತ್ತಪ್ಪ ಮನೆಗೆ ಬಂದು ಆದೇಶದ ಕಾಗದವನ್ನು ಹೆಂಡತಿಯ ಮುಂದೆ ಚಾಚಿದ. ಇನ್ನು ಕಿಟಕಿಯೇ ಗತಿ ಎಂದು ಅವನ ಕಣ್ಣು ತುಂಬಿತ್ತು. ಅವಳು ಒದ್ದೆ ಕೈ ಒರೆಸಿಕೊಂಡು ದೀಪದ ಕೆಳಗೆ ನಿಂತು ಗಟ್ಟಿಯಾಗಿ ಓದಿದಳು: "ಸದರಿ ನೌಕರರು ತಮ್ಮ ಮೇಲಧಿಕಾರಿಗಳ ಸಮಕ್ಷಮದಲ್ಲಿ ಪದೇ ಪದೇ ಅವಕಾಶ ನೀಡಿದಾಗ್ಯೂ, ಯಾವುದೇ ತಪ್ಪು ಮಾಡಲು ಸಂಪೂರ್ಣ ಅಸಮರ್ಥರೆಂದು ಕಂಡುಬಂದಿರುವುದರಿಂದ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಮತ್ತೊಮ್ಮೆ ಮೊದಲಿಂದ ಓದಿದಳು. ಗಂಡನ ಮುಖ ನೋಡಿದಳು, ಕಾಗದದ ಕೆಳಗಿನ ಮೊಹರು ನೋಡಿದಳು.

"ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದಾರೆ" ಎಂದಳು ನಿಟ್ಟುಸಿರಿಟ್ಟು. "ಆದರೂ ಆಫೀಸಿನವರಿಗೆ ನಿಮ್ಮ ಪರಿಚಯವೇ ಆಗಿಲ್ಲವಲ್ರೀ."